ಸತ್ತ ಹುಳದ ನೀರು

ನಲವತ್ತರ ದಶಕದಲ್ಲಿ ಮಾನ್ವಿಯ ನಮ್ಮ ಬಾವಿ ತೋಟದಲ್ಲಿ ಎಲೆಕೋಸು ಬೆಳೆಯುತ್ತಿದ್ದವರು ನನ್ನ ಅತ್ತೆ. ನಾನಾಗ ಆರು ತಿಂಗಳ ಕೂಸಿನ ತಾಯಿ. ಕೋಸಿಗೆ ಹಸಿರು ಹುಳ ಬಿದ್ದರೆ ಅತ್ತೆ ಎಲ್ಲರಂತೆ ಬೂದಿ ಎರಚುತ್ತಿರಲಿಲ್ಲ. ರೋಗ ಬಂದು ಕಪ್ಪಾಗಿ ಎಲೆಗೆ ಜೋತುಬಿದ್ದ ಹುಳಗಳನ್ನು ಆರಿಸಿ, ಗಡಿಗೆಯಲ್ಲಿ ಅರೆದು, ನೀರು ಬೆರೆಸಿ ಸೋಸಿ, ಬಿಸಿಲು ಇಳಿದ ಮೇಲೆ ಬೇವಿನ ಸೊಪ್ಪಿನಿಂದ ಗಿಡಗಳಿಗೆ ಚಿಮುಕಿಸುತ್ತಿದ್ದರು. ಮೂರ್ನಾಲ್ಕು ದಿನಕ್ಕೆ ಉಳಿದ ಹುಳಗಳೂ ಮೇಯುವುದು ಬಿಟ್ಟು ಸಾಯುತ್ತಿದ್ದವು. ಈಗ ಅಂಥ ರೋಗದ ಜೀವಾಣುವನ್ನೇ ಪೊಟ್ಟಣದಲ್ಲಿ ಮಾರುತ್ತಾರಂತೆ. ಆಗ ಅದರ ಹೆಸರೂ ನಮಗೆ ಗೊತ್ತಿರಲಿಲ್ಲ.

ಆ ಗಡಿಗೆ ಕಂಡರೆ ನನ್ನ ಎದೆ ಝಲ್ಲೆನ್ನುತ್ತಿತ್ತು. ನನ್ನ ತವರು ದೇವದುರ್ಗ. ಅಲ್ಲಿ ವಾಂತಿಭೇದಿ ಬಂದ ವರ್ಷ ಒಂದೇ ಬಾವಿಯ ನೀರು ಕುಡಿದು ಅವ್ವ, ಅಕ್ಕ ಇಬ್ಬರೂ ಒಂದೇ ವಾರದಲ್ಲಿ ಹೋಗಿದ್ದರು. ಹುಳದ ಬೇನೆ ಮನುಷ್ಯರಿಗೆ ಹತ್ತುವುದಿಲ್ಲ ಎಂದು ಅತ್ತೆ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಅವರು ನನ್ನನ್ನು ಗಡಿಗೆ ಮುಟ್ಟಗೊಡುತ್ತಿರಲಿಲ್ಲ. ಔಷಧ ಚಿಮುಕಿಸಿದ ದಿನ ಕೂಸನ್ನೂ ಎತ್ತಿಕೊಳ್ಳುತ್ತಿರಲಿಲ್ಲ. ಗುಟ್ಟು ಸೊಸೆಯ ಕೈಗೆ ಹೋಗಬಾರದೆಂಬ ಬಿಂಕ ಇದು ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಹೆದರಿಕೆ ಒಂದು ಕಡೆ, ಸಿಟ್ಟು ಇನ್ನೊಂದು ಕಡೆ.

ಒಮ್ಮೆ ಅವರು ಕೋಸು ಮಾರಲು ರಾಯಚೂರಿಗೆ ಹೋಗಿದ್ದಾಗ ಹುಳಗಳು ಹೊಸ ಸಾಲಿಗೆ ಬಿದ್ದವು. ನನಗೇನು ಬರುವುದಿಲ್ಲವೇ ಎಂಬ ಹಟದಲ್ಲಿ, ಮೂಗು ಮುಚ್ಚಿಕೊಂಡು ನಾನೇ ಹಳೆಯ ಸಾಲುಗಳಿಂದ ಸತ್ತ ಹುಳ ಆರಿಸಿ ಅರೆದೆ. ಚಿಮುಕಿಸಿ ಮುಗಿಸುವಾಗ ಬೆರಳು ಚುರುಗುಟ್ಟಿತು. ಬೆಳಿಗ್ಗೆ ಕುಡುಗೋಲು ತಾಗಿದ ಗಾಯವನ್ನು ಮರೆತೇಬಿಟ್ಟಿದ್ದೆ. ಬೂದಿ ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆಯುವಷ್ಟರಲ್ಲಿ ಕೂಸು ಅತ್ತಿತು. ಹಾಲು ಕೊಟ್ಟೆ. ಸ್ವಲ್ಪ ಹೊತ್ತಿಗೆ ಅದು ಕುಡಿದದ್ದೆಲ್ಲ ಕಕ್ಕಿತು.

ಆಗಾಗ ಕಕ್ಕುವ ಕೂಸೇ ಅದು. ಆದರೂ ಅದು ಮತ್ತೆ ಹಾಲಿಗೆ ಅತ್ತಾಗ ಕೊಡುವ ಧೈರ್ಯ ಬರಲಿಲ್ಲ. ಅವ್ವನ ಗುಳಿಬಿದ್ದ ಕಣ್ಣುಗಳೇ ನೆನಪಾಗುತ್ತಿದ್ದವು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದರು. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹೊಸ್ತಿಲಲ್ಲೇ ಕುಸಿದು ಕುಳಿತು ಕೂಸಿನ ಹೊಟ್ಟೆ, ಹಣೆ ಮುಟ್ಟಿ ನೋಡತೊಡಗಿದರು.

“ಮನಷ್ಯಾರಿಗೆ ಹತ್ತಂಗಿಲ್ಲ ಅಂತ ನೀವ ಹೇಳಿದ್ರಲ್ರೀ ಅತ್ತಿ,” ಎಂದೆ.

“ಖರೇ ಗೊತ್ತಿದ್ರ ಕೂಸಿನ್ನ ಎತ್ತಿಕೊಳ್ಳದ ಇರ್ತಿದ್ನೇನವಾ?” ಎಂದರು ಅತ್ತೆ.

ಕೂಸಿಗೆ ಏನೂ ಆಗಲಿಲ್ಲ. ಬೆಳಿಗ್ಗೆ ಹಸಿದು ಗಟಗಟನೆ ಹಾಲು ಕುಡಿಯಿತು. ಆ ವರ್ಷ ಅತ್ತೆ ಮತ್ತೆ ಗಡಿಗೆ ಮುಟ್ಟಲಿಲ್ಲ. ಹುಳಗಳನ್ನು ಇಬ್ಬರೂ ಒಂದೊಂದಾಗಿ ಕಡ್ಡಿಯಿಂದ ಆರಿಸಿದೆವು. ಕೂಸನ್ನು ಅವರು ಕಂಕುಳಿಂದ ಇಳಿಸಲೇ ಇಲ್ಲ.