ಖಂಡೇಪೂಜೆಯ ಕುಂಕುಮ, ಪೂನಮಳ ಸ್ಕ್ರೂಡ್ರೈವರ್

ನಮ್ಮ ಉಣಕಲ್ಲಿನ ಓಣಿಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯರಿಗೆ ಬರವಿಲ್ಲ. ಹೊಲಿಗೆ ಮಷೀನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬಲ್ಲವಳು ಮಾತ್ರ ಒಬ್ಬಳೇ, ಪೂನಮ್. ಅವ್ವನ ಕೆಟ್ಟ ಮಷೀನನ್ನು ದುರ್ಗದಬೈಲಿನ ಅಲ್ಲಾಸಾಬರ ರಿಪೇರಿ ಅಂಗಡಿಗೆ ಒಯ್ದವಳು ನೋಡುತ್ತ ಅಲ್ಲಿಯೇ ಕುಳಿತಳು. ಮರುದಿನವೂ ಹೋದಳು. ಹಾಗೆ ಎಂಟು ತಿಂಗಳು ಹೋಗಿ ವಿದ್ಯೆ ಕಲಿತಳು.

ಆದರೂ ಸರಕಾರದ ಕಡತದಲ್ಲಿ ಅವಳು ನಿರುದ್ಯೋಗಿ. ಯುವನಿಧಿಯ ಮೂರು ಸಾವಿರ ಖಾತೆಗೆ ಬರಬೇಕಾದರೆ ಪ್ರತಿ ತಿಂಗಳು ಇಪ್ಪತ್ತೈದರೊಳಗೆ ‘ನನಗೆ ನೌಕರಿಯಿಲ್ಲ, ಸ್ವಂತ ಉದ್ಯೋಗವೂ ಇಲ್ಲ’ ಎಂದು ಮೊಬೈಲಿನಲ್ಲಿ ಘೋಷಿಸಬೇಕು. ಗುಮಾಸ್ತರಾಗಿ ನಿವೃತ್ತರಾದ ತಂದೆ ಉಡಚಪ್ಪನವರು ಆ ತಾರೀಖನ್ನು ಮರೆತವರಲ್ಲ. ಮಗಳಿಗೆ ಸರಕಾರಿ ನೌಕರಿ ಸಿಗುವ ತನಕ ಈ ಹಣವಾದರೂ ಸರಕಾರದ್ದಲ್ಲವೇ ಎಂಬುದು ಅವರ ಸಮಾಧಾನ.

ಪೂನಮ್ ಸುಳ್ಳು ಹೇಳುವವಳಲ್ಲ. ಅದಕ್ಕೇ ಓಣಿಯ ಮಷೀನುಗಳನ್ನೆಲ್ಲ ಪುಕ್ಕಟೆ ರಿಪೇರಿ ಮಾಡುತ್ತಿದ್ದಳು. ಹಣ ತೆಗೆದುಕೊಂಡರೆ ತಾನೆ ಉದ್ಯೋಗ? ಸತ್ಯ ಹೇಳಲೆಂದು ಬಿಟ್ಟಿ ದುಡಿಯುವ ಇಂಥ ಜಾಣೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಒಮ್ಮೆ ಒಂದು ಕುಂಬಳಕಾಯಿ, ಇಷ್ಟೇ ಅವಳ ಗಳಿಕೆ.

ಅಷ್ಟರಲ್ಲಿ ದಸರೆ ಬಂತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮಲ್ಲಿ ಹೊಲಿಗೆ ಮಷೀನಿಗೂ ಪೂಜೆಯುಂಟು. ಭಕ್ತಿ ಉಕ್ಕಿ ಬಂದರೆ ಕುಂಕುಮ, ಭಂಡಾರದ ಅರಿಶಿನ, ತೆಂಗಿನ ನೀರು ಎಲ್ಲವೂ ಅದರ ಹೊಟ್ಟೆಗೆ ಇಳಿಯುತ್ತವೆ. ಹಬ್ಬ ಮುಗಿದು ಕೆಲಸಕ್ಕೆ ಕುಳಿತರೆ ಚಕ್ರ ಅಲುಗುವುದಿಲ್ಲ. ಎದುರಿಗೇ ದೀಪಾವಳಿ, ಹೊಲಿಯಬೇಕಾದ ಬ್ಲೌಸುಗಳ ರಾಶಿ ಬೇರೆ. ಈ ಸಲವೂ ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಪೂನಮ್‌ಗೆ ಹನ್ನೊಂದು ಫೋನ್ ಬಂದವು. ತಲೆಗೆ ಎಣ್ಣೆ ಹಚ್ಚಿದ್ದವಳು ಹಾಗೆಯೇ ಸ್ಕೂಟರ್ ಏರಿದಳು.

ಮೊದಲು ಹೋದದ್ದು ಅವಳು ಖಾಲಾ, ಚಿಕ್ಕಮ್ಮ, ಎಂದು ಕರೆಯುವ ಕರೀಮಾಬಿಯ ಟೇಲರಿಂಗ್ ಅಂಗಡಿಗೆ. ಅಲ್ಲಿ ಕೆಲಸದ ಹುಡುಗಿಯರು ಪೂಜಿಸಿದ ಆರು ಮಷೀನು, ಆರೂ ಗಪ್‌ಚಿಪ್. ಮಧ್ಯಾಹ್ನದ ಹೊತ್ತಿಗೆ ಆರೂ ಒಟ್ಟಿಗೆ ಗಡಗಡ ಎಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಕರೀಮಾಬಿ ಹಣ ಮುಂದೆ ಹಿಡಿದಳು.

“ಬ್ಯಾಡ ಖಾಲಾ,” ಎಂದಳು ಪೂನಮ್.

“ಬ್ಯಾಡಂದ್ರ ನಾಳೆಯಿಂದ ಬರಬ್ಯಾಡ. ಹೋದ ಸಲ ನೀ ರಿಪೇರಿ ಮಾಡಿ ಹೋದ ಮ್ಯಾಲೂ ದಾರ ಕಡೀತಿತ್ತು. ಪುಕ್ಕಟೆ ಮಾಡಿದಾಕಿಗೆ ಹೆಂಗ ಹೇಳೂದಂತ ಎಂಟ ದಿನಾ ಹಂಗ ಹೊಲದೇನಿ. ರೊಕ್ಕ ತೊಗೊ. ಕೆಟ್ಟರ ಬೈಯಾಕರೆ ನನಗ ಬಾಯಿ ಇರಲಿ.”

ಪೂನಮ್‌ಗೆ ನಾಚಿಕೆಯಾಯಿತು. ತನ್ನ ಸತ್ಯದ ಸಲುವಾಗಿ ಈಕೆ ಎಂಟು ದಿನ ಬಾಯಿ ಮುಚ್ಚಿಕೊಂಡು ಕಷ್ಟಪಟ್ಟಿದ್ದಳಲ್ಲ! ಹಣ ತೆಗೆದುಕೊಂಡಳು. ಉಳಿದ ಹತ್ತು ಮನೆಗಳಲ್ಲೂ ತೆಗೆದುಕೊಂಡಳು. ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತವಳ ಕೈ ಕುಂಕುಮದಿಂದ ಕೆಂಪಾಗಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ.

ಇಪ್ಪತ್ತೈದರ ಬೆಳಿಗ್ಗೆ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ.

“ಪೂನಮ್, ಇವತ್ತ ಕಡೀ ದಿನ. ಮೊಬೈಲಿನ್ಯಾಗ ಒತ್ತಿದಿಲ್ಲೊ?” ಎಂದು ಉಡಚಪ್ಪ ಕೇಳಿದರು.

“ಸ್ವಂತ ಉದ್ಯೋಗ ಮಾಡಾಕತ್ತೇನಿ ಅಂತ ತಿಳಿಸಿಬಿಟ್ಟೇನಪ್ಪಾ. ಇನ್ನ ಆ ರೊಕ್ಕ ಬರೂದಿಲ್ಲ.”

ಉಡಚಪ್ಪ ಕಪ್ಪು ಕೆಳಗಿಟ್ಟರು. “ಇನ್ನೂ ಒಂದ ವರ್ಷ ಬರೂದಿತ್ತಲ್ಲ. ದಸರಾ ವರ್ಷಕ್ಕೊಮ್ಮೆ. ಅದು ಮುಗೀತು. ಇನ್ನ ಯಾರು ಕರೀತಾರ ನಿನ್ನ?”

ಅದೇ ಪ್ರಶ್ನೆ ಪೂನಮಳನ್ನೂ ಕಾಡುತ್ತಿತ್ತೆಂದು ಮುಖವೇ ಹೇಳುತ್ತಿತ್ತು. ಆಗಲೇ ಫೋನ್ ಬಂತು. ಕರೀಮಾಬಿಯ ದನಿಗೆ ಸ್ಪೀಕರ್ ಬೇಕಿಲ್ಲ.

“ಏ ಪೂನಮ್, ನಾಕನೇ ಮಷೀನ ಮತ್ತ ದಾರ ಕಡ್ಯಾಕತ್ತೈತಿ. ರೊಕ್ಕ ತೊಗೊಂಡು ಹಿಂಗ ಕೆಲಸ ಮಾಡ್ತಾರೇನು? ಹತ್ತ ನಿಮಿಷದಾಗ ಇಲ್ಲಿರಬೇಕು ನೋಡು.”

“ಬಂದೆ ಖಾಲಾ, ಬಂದೆ.” ಬೈಸಿಕೊಂಡವಳು ಬಹುಮಾನ ಬಂದಷ್ಟು ಸಂಭ್ರಮದಿಂದ ಸ್ಕೂಟರಿನ ಕೀಲಿ ಹುಡುಕತೊಡಗಿದಳು.

ಉಡಚಪ್ಪ ಎದ್ದು, ಗೂಟದಲ್ಲಿದ್ದ ಅವಳ ಸಾಮಾನಿನ ಚೀಲ ತೆಗೆದು ಕೈಗೆ ಕೊಟ್ಟರು.

“ನಮ್ಮ ಸಾಹೇಬರು ನನಗ ಮೂವತ್ತೊಂದ ವರ್ಷ ಹಿಂಗ ಬೈದಾರ,” ಎಂದರು. “ನಡಿ ಲಗೂ, ಕೆಲಸಕ್ಕ ತಡಾ ಆಗ್ತೈತಿ.”