ಸೊಸೈಟಿಯಲ್ಲಿ ಚಹಾ ಕೊಟ್ಟ ದಿನ

ಇಟ್ಟ ದುಡ್ಡು ವಾಪಸ್ ಕೇಳಲು ಹೋದಾಗ ಸೊಸೈಟಿಯ ಮ್ಯಾನೇಜರು ಎದ್ದು ನಿಂತು, ಕುರ್ಚಿ ಕೊಟ್ಟು, ಚಹಾ ತರಿಸಿದರೆ ಆ ಚಹಾ ಕುಡಿಯಬೇಡಿ. ದುಡ್ಡು ಕೈಗೆ ಬರುವತನಕ ಅಲ್ಲಿಂದ ಏಳಲೂಬೇಡಿ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಯಲ್ಲಾಪುರದ ಬ್ಯಾಂಕೊಂದರ ಕ್ಯಾಶ್ ಕೌಂಟರಿನಲ್ಲಿ ಕೂತೇ ನನ್ನ ನೌಕರಿ ಮುಗಿಯಿತು. ದುಡ್ಡಿರುವ ಬ್ಯಾಂಕಿನವರು ಯಾರಿಗೂ ಚಹಾ ಕೊಡುವುದಿಲ್ಲ. ಮುಖ ಎತ್ತಿ ನೋಡುವುದೂ ಕಷ್ಟ.

ಅಕ್ಕನದು ಸಿದ್ದಾಪುರ ಪೇಟೆಯಲ್ಲಿ ಹೊಲಿಗೆ ಅಂಗಡಿ. ಭಾವ ತೀರಿಕೊಂಡ ಮೇಲೆ ಅವಳ ಸಂಸಾರ ನಡೆದದ್ದೇ ಆ ಒಂದು ಕೋಣೆಯಿಂದ. ಬಾಡಿಗೆ ಕೋಣೆ. ಮಾಲೀಕರು ಅದನ್ನು ಮಾರಲು ಹೊರಟಾಗ ಮೊದಲು ಅಕ್ಕನನ್ನೇ ಕೇಳಿದರು, ದೀಪಾವಳಿಯವರೆಗೆ ಕಾಯುತ್ತೇನೆಂದರು. ಅವಳ ಹತ್ತಿರ ದುಡ್ಡಿತ್ತು. ಬ್ಲೌಸು ಹೊಲಿದು ಕೂಡಿಟ್ಟದ್ದೆಲ್ಲ ಅದೇ ಪೇಟೆಯ ಸೊಸೈಟಿಯಲ್ಲಿ ಠೇವಣಿಯಾಗಿ ಕೂತಿತ್ತು.

ಆ ಸೊಸೈಟಿ ನನಗೆ ಮೊದಲಿನಿಂದಲೂ ಸರಿ ಕಂಡಿರಲಿಲ್ಲ. ಸುತ್ತಮುತ್ತ ಯಾರೂ ಕೊಡದ ಬಡ್ಡಿಯನ್ನು ಬೋರ್ಡು ಬರೆಸಿ ಕೊಡುತ್ತಿದ್ದರು. ಅಷ್ಟು ಬಡ್ಡಿಯ ಆಸೆ ತೋರಿಸಿ ದುಡ್ಡು ತರಿಸಿಕೊಳ್ಳುವವರಿಗೆ ಒಳಗೆ ದುಡ್ಡಿನ ಬರ ಎಂದೇ ಅರ್ಥ. ಹಳೆಯ ಅಕೌಂಟೆಂಟ್ ಕಾರಣ ಹೇಳದೆ ಕೆಲಸ ಬಿಟ್ಟಿದ್ದ. ವಾರ್ಷಿಕ ಸಭೆಗೆ ಅಕ್ಕನ ಜೊತೆ ನಾನೂ ಹೋಗಿದ್ದೆ. ಅಲ್ಲಿ ಲೆಕ್ಕ ಓದಿದ್ದಕ್ಕಿಂತ ಶಾಲು ಹೊದಿಸಿದ್ದೇ ಹೆಚ್ಚು. ದೊಡ್ಡ ಸಾಲಗಳು ಯಾರಿಗೆ ಹೋಗಿವೆ ಎಂದು ಹೆಗ್ಗರಣೆ ಕಡೆಯವರೊಬ್ಬರು ಎದ್ದು ಕೇಳಿದರೆ, "ಊಟ ತಣ್ಣಗಾಗ್ತು, ಕುಂತ್ಕಳಿ ಮಾರಾಯ್ರೆ" ಎಂದು ಹಿಂದಿದ್ದವರು ಅವರ ಅಂಗಿ ಜಗ್ಗಿದರು. ಹೋಳಿಗೆ ಊಟಕ್ಕೆ ಸ್ವಂತ ದುಡ್ಡನ್ನೇ ಮರೆತ ಜನ!

ಠೇವಣಿಯ ಅವಧಿ ಮುಗಿಯುತ್ತಲೇ ತೆಗೆದುಬಿಡು ಎಂದು ಬರುವಾಗ ದಾರಿಯಲ್ಲೇ ಹೇಳಿದೆ.

"ನಿಂಗೆ ಎಲ್ಲದ್ರಲ್ಲೂ ಹುಳುಕೇ ಕಾಣ್ತು ತಮಾ. ಅಧ್ಯಕ್ಷರು ನಮ್ಮನೆ ಕಾರ್ಯಕ್ಕೆಲ್ಲ ಬಂದವ್ರು" ಎಂದಳು ಅಕ್ಕ. ಕಾರ್ಯಕ್ಕೆ ಬಂದು ಉಂಡುಹೋದದ್ದು ಅವಳ ಮಟ್ಟಿಗೆ ದೊಡ್ಡ ಜಾಮೀನು.

ಅವಧಿ ಮುಗಿದ ದಿನ ನನ್ನ ಮನೆಯಿರುವ ಶಿರಸಿಯಿಂದ ಮೊದಲ ಬಸ್ಸಿಗೇ ಹೋದೆ. ಇಬ್ಬರೂ ಒಳಗೆ ಕಾಲಿಟ್ಟೆವು. ಕುರ್ಚಿ ಬಂತು, ಚಹಾ ಬಂತು. ನನ್ನ ಲೋಟವನ್ನು ಪಕ್ಕಕ್ಕೆ ಸರಿಸಿಟ್ಟೆ. ಮ್ಯಾನೇಜರು ಅಕ್ಕನ ಕಡೆ ಬಗ್ಗಿ, "ನಿಮ್ಮಂತವ್ರೇ ತೆಗೆದ್ರೆ ಊರವ್ರು ಎಂತ ಹೇಳ್ತ ಅಕ್ಕಾ? ಸ್ವಲ್ಪ ದಿನ ಮುಂದುವರ್ಸಿ. ದೀಪಾವಳಿಯೊಳಗೆ ನಾನೇ ಮನೆಗೆ ತಂದುಕೊಡ್ತೆ" ಎಂದರು.

"ಕೊಡುವುದಿದ್ದರೆ ಈಗಲೇ ಕೊಡಿ" ಎಂದು ನಾನು ಗಟ್ಟಿಯಾಗಿ ಹೇಳಿದೆ. ಸುತ್ತಲಿದ್ದವರು ತಿರುಗಿ ನೋಡಿದರು, ನಾನೇ ಕಳ್ಳನೆಂಬಂತೆ. ಅಕ್ಕ ನಾಚಿಕೆಯಿಂದ ತಲೆ ತಗ್ಗಿಸಿ, ಮ್ಯಾನೇಜರು ತೋರಿಸಿದಲ್ಲೆಲ್ಲ ಸಹಿ ಮಾಡಿ ಠೇವಣಿ ಮುಂದುವರಿಸಿದಳು.

"ಅಷ್ಟು ಕೇಳ್ಕಂಡ ಮೇಲೆ ಎಂತ ಮಾಡೂದು ಹೇಳು?" ಎಂದಳು ಹೊರಗೆ ಬಂದು. ಈ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ! ನಮ್ಮ ಕಡೆ ಮೋಸ ಮಾಡುವವನಿಗೆ ಇಲ್ಲದ ನಾಚಿಕೆ, ತನ್ನದನ್ನು ತಾನು ಕೇಳುವವನಿಗಿದೆ.

ದೀಪಾವಳಿಗೆ ಮೊದಲೇ ಸೊಸೈಟಿಯ ಶಟರ್ ಇಳಿಯಿತು. ಸಾಲವೆಲ್ಲ ನಿರ್ದೇಶಕರ ನೆಂಟರಿಷ್ಟರಿಗೇ ಹೋಗಿತ್ತಂತೆ. ಕೋಣೆಯ ಮಾಲೀಕರು ಹಬ್ಬ ಕಳೆದು ಇನ್ನಷ್ಟು ದಿನ ಕಾದರು, ಆಮೇಲೆ ಮೊಬೈಲ್ ಅಂಗಡಿಯವರಿಗೆ ಮಾರಿದರು. ಅವರನ್ನು ಬೈಯಲಾರೆ. ಅಕ್ಕನ ಮಿಷನ್ನು ಟೆಂಪೋದಲ್ಲಿ ಹಾಕಿ ಅವಳ ಮನೆಯ ಜಗುಲಿಗೆ ತಂದಿಟ್ಟವನು ನಾನೇ. ಅಧ್ಯಕ್ಷರು ಮಾತ್ರ ಮೊದಲಿನ ಹಾಗೆಯೇ ಕಾರಿನಲ್ಲಿ ಪೇಟೆ ಸುತ್ತುತ್ತಾರೆ. ಎದುರಾದವರು ಈಗಲೂ ನಮಸ್ಕಾರ ಮಾಡುತ್ತಾರೆ. ನೋಡಿದರೆ ಮೈಯೆಲ್ಲ ಉರಿಯುತ್ತದೆ.

ಹೋದ ತಿಂಗಳು ನಾನು ಅಕ್ಕನ ಮನೆಯಲ್ಲಿದ್ದಾಗಲೇ ಅಧ್ಯಕ್ಷರ ಹೆಂಡತಿ ಜಗುಲಿ ಹತ್ತಿ ಬಂದರು. ಮಗಳ ಮದುವೆ, ಚೀಲದ ತುಂಬ ರೇಷ್ಮೆ ಬ್ಲೌಸ್ ಪೀಸು.

"ಬೇಗ ಹೊಲಿದು ಕೊಡವು. ದುಡ್ಡೆಲ್ಲ ಆಮೇಲೆ ಒಟ್ಟಿಗೇ ಕೊಡ್ತೆ."

ಅಕ್ಕ ಚೀಲ ಮುಟ್ಟಲಿಲ್ಲ. "ಮೊದ್ಲು ದುಡ್ಡು ಇಡಿ. ಆಮೇಲೆ ಅಳತೆ."

"ಎಂಗಳ ಮೇಲೆ ನಂಬಿಕೆ ಇಲ್ಯ?"

"ಇಲ್ಲೆ" ಎಂದಳು ಅಕ್ಕ.

ಆಕೆ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅಕ್ಕನ ಅಂಗಡಿಯ ಬಾಗಿಲಿಗೆ ಈಗ ಬೇರೆಯವರ ಬೀಗವಿದೆ.