ಮಾವನ ಮಾತ್ರೆ, ನನ್ನ ಮಾತ್ರೆ

ನಮ್ಮ ಮನೆದೇವರು ಶಿವ ಮಾವನ ಬಿ.ಪಿ. ಮಾತ್ರೆಯನ್ನು ಒಪ್ಪುತ್ತಿದ್ದ, ನನ್ನ ಮಾತ್ರೆಯನ್ನು ಒಪ್ಪುತ್ತಿರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಜಯಲಕ್ಷ್ಮಿಪುರಂನಲ್ಲಿ ಅತ್ತೆ ಮಾವನ ಜೊತೆಗಿದ್ದೆವು. ಗಂಡನಿಗೆ ಹೆಬ್ಬಾಳದ ಕಾರ್ಖಾನೆಯಲ್ಲಿ ಕೆಲಸ. ನನಗೆ ಎರಡು ಹೆರಿಗೆಯೂ ಸಿಸೇರಿಯನ್. ಎರಡನೆಯ ಸಲ ವಿಪರೀತ ರಕ್ತ ಹೋಗಿ, ಬದುಕಿದ್ದೇ ಹೆಚ್ಚು. ಸದ್ಯಕ್ಕೆ ಇನ್ನೊಂದು ಬಸಿರನ್ನು ಈ ಮೈ ತಡೆಯುವುದಿಲ್ಲ ಎಂದು ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಆಪರೇಷನ್ ಮಾಡಿಸಲು ಅತ್ತೆ ಬಿಡಲಿಲ್ಲ. ಎರಡೂ ಹೆಣ್ಣು ನೋಡಿ.

ಕೊನೆಗೆ ಡಾಕ್ಟರಮ್ಮ, ಬಸಿರು ತಡೆಯುವ, ಹಾಲೂಡಿಸುವವರಿಗೂ ಆಗುವಂಥ ಒಂದೇ ಹಾರ್ಮೋನಿನ ಮಾತ್ರೆ ಬರೆದುಕೊಟ್ಟರು. "ಇದನ್ನ ಮಧ್ಯೆ ಬಿಡೋ ಹಾಗಿಲ್ಲ ಕಣಮ್ಮ. ಒಂದು ಸ್ಟ್ರಿಪ್ಪು ಮುಗಿದ ಮಾರನೇ ದಿನವೇ ಇನ್ನೊಂದು. ದಿನಾ ಒಂದೇ ಹೊತ್ತಿಗೆ ನುಂಗ್ಬೇಕು. ಮೂರು ಗಂಟೆಗಿಂತ ತಡ ಆದ್ರೆ ನೆನಪಾದ ತಕ್ಷಣ ತಗೊ, ಆದ್ರೆ ಮುಂದಿನ ಎರಡು ದಿನ ಬರೀ ಅದನ್ನೇ ನಂಬ್ಬೇಡ. ಆಗಾಗ ರಕ್ತದ ಕಲೆ ಕಾಣಿಸ್ಕೊಂಡ್ರೆ ಹೆದರಿ ನಿಲ್ಲಿಸ್ಬೇಡ, ಬಂದು ನನ್ನ ಕೇಳು" ಎಂದರು. ದೊಡ್ಡವಳ ಶಾಲೆಯ ಆಟೋ ಹೋಗುವ ಬೆಳಗಿನ ಎಂಟು ಗಂಟೆಯನ್ನೇ ನಾನು ಗೊತ್ತು ಮಾಡಿಕೊಂಡೆ. ಅಷ್ಟು ಹೊತ್ತಿಗೆ ಮನೆಯ ಪೂಜೆ ಮುಗಿದಿರುತ್ತಿತ್ತು, ಯಾರ ತಕರಾರೂ ಇರಲಿಲ್ಲ.

ಶ್ರಾವಣ ಬಂತು. ಶ್ರಾವಣದ ಸೋಮವಾರ ನಮ್ಮ ಮನೆಗೆ ಮಠದ ಅಯ್ಯನವರು ಬರುತ್ತಿದ್ದರು. ಅವರ ಪಾದಪೂಜೆಯಾಗಿ ಪಾದೋದಕ ಸಿಗುವ ತನಕ ಯಾರೂ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಮೊದಲ ಸೋಮವಾರ ಎಂಟಕ್ಕೆ ನಾನು ಮಾತ್ರೆ ತೆಗೆದದ್ದೇ ತಡ, ಅತ್ತೆ ಬಂದು ಕೈ ಹಿಡಿದರು.

"ಅಯ್ನೋರು ಬಂದು ಹೋಗ್ಲಿ, ಆಮೇಲೆ ನುಂಗುವಂತೆ."

"ಔಷಧಿ ಅತ್ತೆ, ಹೊತ್ತು ಮೀರ್ಬಾರ್ದು."

"ಅದ್ಯಾವ ಸೀಮೆ ಔಷಧೀನಮ್ಮ? ನಿಂಗೇನು ಕಾಯಿಲೆನಾ?"

ಸ್ಟ್ರಿಪ್ಪು ಕಿತ್ತುಕೊಂಡು ಬೀರುವಿನ ಮೇಲಿಟ್ಟರು. ಅದೇ ಕೈಯಲ್ಲಿ ಮಾವನ ಬಿ.ಪಿ. ಮಾತ್ರೆ ತೆಗೆದು, ಒಂದು ಲೋಟ ನೀರಿನ ಜೊತೆ ಅವರಿಗೆ ಕೊಟ್ಟರು. "ಜೀವದ ಪ್ರಶ್ನೆ ಕಣ್ರೀ, ಶಿವ ಏನೂ ಅನ್ಕೊಳಲ್ಲ" ಎಂದು ಸಮಾಧಾನವನ್ನೂ ಹೇಳಿದರು. ನಾನು ಅಲ್ಲೇ ನಿಂತು ನೋಡುತ್ತಿದ್ದೆ.

ನಾಲ್ಕಾರು ಮನೆ ಮುಗಿಸಿಕೊಂಡು ಅಯ್ಯನವರು ಬಂದದ್ದು ಮಧ್ಯಾಹ್ನ ಒಂದಕ್ಕೆ. ಅವರನ್ನು ಅಂದು ಏನು ಬಂತು? ಕೇಳಿದ್ದರೆ "ನುಂಗಮ್ಮ ತಾಯಿ" ಎನ್ನುತ್ತಿದ್ದರೋ ಏನೋ. ಕೇಳಿದವರು ಯಾರು?

ಅವರು ಹೊರಟ ಕೂಡಲೇ ಮಾತ್ರೆ ನುಂಗಿದೆ. ಸಂಜೆ ಗಂಡ ಬಂದಾಗ, ಎರಡು ದಿನ ದೂರ ಇರಬೇಕು ಎಂದು ಹೇಳಿದೆ. "ಒಂದೊತ್ತು ತಡ ಆಗಿದ್ದಕ್ಕೆ ಇಷ್ಟೊಂದಾ? ಬುಡು ಅತ್ಲಾಗೆ" ಎಂದರು. ಬಿಡಬೇಕಂತೆ. ಹೊಟ್ಟೆ ಕೊಯ್ಸಿಕೊಂಡವಳು ನಾನು, ಬಿಡು ಎನ್ನುವವರು ಇವರು. ಚಾಪೆ ಸುತ್ತಿಕೊಂಡು ಮಕ್ಕಳ ಜೊತೆ ನಡುಮನೆಗೆ ಬಂದುಬಿಟ್ಟೆ. ಆದರೂ ವಾರವಿಡೀ ಹೆದರಿಕೆ ಹೋಗಲಿಲ್ಲ. ಮುಟ್ಟು ನಿಂತದ್ದು ಹಾಲೂಡಿಸುವುದಕ್ಕೋ, ಬಸಿರಿಗೋ ಎಂದು ಹೇಗೆ ತಿಳಿಯಬೇಕು? ಅನ್ನ ತಟ್ಟೆಗೆ ಹಾಕಿಕೊಂಡರೆ ವಾಂತಿ ಬಂದಂತಾಗುತ್ತಿತ್ತು, ಅದು ಭಯಕ್ಕೋ ಇನ್ಯಾವುದಕ್ಕೋ ಗೊತ್ತಾಗುತ್ತಿರಲಿಲ್ಲ. ಆ ಸಲ ಏನೂ ಆಗಿರಲಿಲ್ಲ ಎಂಬುದು ಖಾತ್ರಿಯಾದದ್ದು ಎಷ್ಟೋ ದಿನದ ಮೇಲೆ.

ಮುಂದಿನ ಸೋಮವಾರ ಬೆಳಗ್ಗೆ ನಾನೇ ಮೊದಲು ಎದ್ದು ಮಾವನದು, ನನ್ನದು ಎರಡೂ ಸ್ಟ್ರಿಪ್ಪು ಸೆರಗಿಗೆ ಕಟ್ಟಿಕೊಂಡೆ. ಎಂಟಕ್ಕೆ ಮಾವ ಕುರ್ಚಿಯಲ್ಲಿ ಕೂತು ಕೈ ಚಾಚಿದರು.

"ಅಯ್ನೋರು ಬಂದು ಹೋಗ್ಲಿ ಮಾವ" ಎಂದೆ.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ತಲೆ ನೆಟ್ಟಗಿದೆಯೇನೇ ನಿಂಗೆ? ಬಿ.ಪಿ. ಏರಿ ಏನಾದ್ರೂ ಆಗ್ಬುಟ್ರೆ?"

"ನಾನು ಬಸುರಾಗಿ ಏನಾದ್ರೂ ಆಗ್ಬುಟ್ರೆ ಅತ್ತೆ? ನಂದೂ ಜೀವಾನೇ."

ಮಾವನ ಎದುರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಸಂಕೋಚ ಮರೆತೇಹೋಗಿತ್ತು. ಮಾವ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ಕೂತರು. ಆಮೇಲೆ ತಲೆ ತಿರುಗಿಸದೆ ಹೆಂಡತಿಗೆ, "ಇಬ್ರಿಗೂ ನೀರು ತಗೊಂಬಾ" ಎಂದರು.

ಸೆರಗಿನ ಗಂಟು ಬಿಚ್ಚಿ ಮಾವನ ಮಾತ್ರೆ ಅವರಿಗೆ ಕೊಟ್ಟೆ, ನನ್ನದನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅತ್ತೆ ನೀರು ತಂದರು. ಒಂದೇ ಲೋಟ. ಅದನ್ನು ಮಾವನ ಕೈಗಿಟ್ಟು ಒಳಗೆ ಹೋದರು.

ನಾನು ನೀರಿಲ್ಲದೆ ನುಂಗಿದೆ.